ಪತ್ರಿಕೆ ಮತ್ತು ಓದುಗರ ಕುರಿತ ವಾದಗಳಲ್ಲಿ ಅಡಗಿದ ಗೃಹೀತಗಳನ್ನು ಹಿಡಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

"ಜನ ಈಗ ಓದುವುದನ್ನೇ ಬಿಟ್ಟಿದ್ದಾರೆ", "ಮಾಧ್ಯಮಗಳೆಲ್ಲ ಮಾರಿಕೊಂಡಿವೆ", "ಓದುಗರು ಕೇಳಿದ್ದನ್ನೇ ನಾವು ಕೊಡುತ್ತಿದ್ದೇವೆ". ಇಂಥ ಮಾತುಗಳ ಅಡಿಯಲ್ಲಿ ಹೇಳದೆ ಉಳಿದಿರುವುದೇನು ಎಂದು ಕೇಳಿದರೆ ಹೆಚ್ಚಿನವರು ಎರಡು ಕಡೆ ಎಡವುತ್ತಾರೆ. ಕೆಲವರು ಗೃಹೀತ ಹುಡುಕುವುದನ್ನು ಬಿಟ್ಟು ತೀರ್ಮಾನದ ಮೇಲೆಯೇ ಜಗಳಕ್ಕೆ ಇಳಿಯುತ್ತಾರೆ: "ಯಾರು ಹೇಳಿದ್ದು ಜನ ಓದಲ್ಲ ಅಂತ? ನಾನು ಓದುತ್ತೇನಲ್ಲ." ಇನ್ನು ಕೆಲವರು ಮಾತಾಡಿದವರ ಉದ್ದೇಶ ಕೆದಕುತ್ತಾರೆ: "ಇವರು ಹೀಗೆ ಹೇಳುವುದು ಜಾಹೀರಾತಿನ ಆಸೆಗೆ." ಮೊದಲನೆಯದು ಆಕ್ಷೇಪಣೆ, ಎರಡನೆಯದು ಆರೋಪ. ಎರಡೂ ಗೃಹೀತವಲ್ಲ.

ಇಲ್ಲಿ ಗೃಹೀತ ಎಂದರೆ ಇಷ್ಟೇ: ವಾದದಲ್ಲಿ ಎಲ್ಲೂ ಹೇಳಿರುವುದಿಲ್ಲ, ಆದರೆ ವಾದ ನಿಲ್ಲಬೇಕಾದರೆ ಅದು ನಿಜವಾಗಿರಲೇಬೇಕು. ವಾದಿಸಿದವರಿಗೇ ಅದು ತಿಳಿದಿರಬೇಕೆಂದಿಲ್ಲ, ಅವರ ಮನಸ್ಸು ಓದುವ ಅಗತ್ಯವೂ ನಿಮಗಿಲ್ಲ. ಹುಡುಕಬೇಕಾದ್ದು ಬರೆದ ಮಾತುಗಳ ನಡುವೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸೋಲುವವರು ಸಾಮಾನ್ಯವಾಗಿ ಮೂರನೆಯ ಹಂತವನ್ನು ಹಾರಿಸಿ ನೇರವಾಗಿ ನಾಲ್ಕಕ್ಕೆ ಹೋದವರು.

## ಶುರು ಮಾಡುವ ಮುನ್ನ

ವಾದದ ಪೂರ್ತಿ ಪಠ್ಯ ಕಣ್ಣೆದುರು ಇರಲಿ. ನೆನಪಿನಿಂದ ಬರೆದುಕೊಂಡರೆ ನಿಮಗೆ ಗೊತ್ತಿಲ್ಲದೆಯೇ ಅದನ್ನು ಬಲಪಡಿಸುತ್ತೀರಿ ಅಥವಾ ದುರ್ಬಲಗೊಳಿಸುತ್ತೀರಿ. ಟಿವಿ ಚರ್ಚೆಯೋ ಭಾಷಣವೋ ಆದರೆ ಬೇಕಾದ ನಾಲ್ಕೈದು ವಾಕ್ಯಗಳನ್ನು ಆಡಿದ ಹಾಗೆಯೇ ಬರೆದುಕೊಳ್ಳಿ. ಎರಡು ಬಣ್ಣದ ಪೆನ್ನು, ಒಂದು ಖಾಲಿ ಹಾಳೆ ಸಾಕು. ಪರದೆಯ ಮೇಲೆ ಮಾಡುವುದಕ್ಕಿಂತ ಕಾಗದದ ಮೇಲೆ ಮಾಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪದಗಳ ನಡುವೆ ಗೆರೆ ಎಳೆಯುವ ಕೆಲಸ ಇಲ್ಲಿ ಬಹಳ ಇದೆ.

ಉದ್ದಕ್ಕೂ ಬಳಸಲು ಅಭ್ಯಾಸಕ್ಕೆಂದೇ ಕಟ್ಟಿದ ಒಂದು ವಾದ ಇಲ್ಲಿದೆ. ಒಂದು ಸುದ್ದಿತಾಣದ ವ್ಯವಸ್ಥಾಪಕರು ಸಭೆಯಲ್ಲಿ ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ:

"ಕಳೆದ ಮೂರು ತಿಂಗಳಲ್ಲಿ ನಮ್ಮ ತಾಣದಲ್ಲಿ ಸಿನಿಮಾ ತಾರೆಯರ ಸುದ್ದಿಗೆ ಬಂದ ಕ್ಲಿಕ್‌ಗಳು ತನಿಖಾ ವರದಿಗಳಿಗೆ ಬಂದದ್ದರ ಹತ್ತು ಪಟ್ಟು. ಓದುಗರಿಗೆ ಗಂಭೀರ ಪತ್ರಿಕೋದ್ಯಮ ಬೇಡವಾಗಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು? ತನಿಖಾ ವಿಭಾಗಕ್ಕೆ ಕೊಡುತ್ತಿರುವ ಹಣವನ್ನು ಮನರಂಜನಾ ವಿಭಾಗಕ್ಕೆ ತಿರುಗಿಸಬೇಕು."

## ಹಂತ 1: ಮೊದಲು ತೀರ್ಮಾನ ಹಿಡಿಯಿರಿ

ವಾದ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ತಿಳಿಯದೆ ದಾರಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಲಾಗದು. ಹಾಗಾಗಿ ಆಧಾರಕ್ಕಿಂತ ಮೊದಲು ತೀರ್ಮಾನ. "ಆದ್ದರಿಂದ", "ಹಾಗಾಗಿ", "ಅಂದ ಮೇಲೆ" ಎಂಬ ಮಾತುಗಳ ಮುಂದೆ ಅದು ಸಿಗುತ್ತದೆ. ಸಿಗದಿದ್ದರೆ ಪ್ರತಿ ವಾಕ್ಯದ ಮುಂದೆಯೂ "ಏಕೆ?" ಎಂದು ಕೇಳುತ್ತ ಹೋಗಿ. ಉಳಿದ ವಾಕ್ಯಗಳೆಲ್ಲ ಯಾವುದಕ್ಕೆ ಉತ್ತರವಾಗುತ್ತವೋ ಅದೇ ತೀರ್ಮಾನ.

ನಮ್ಮ ಉದಾಹರಣೆಯಲ್ಲಿ ಅದು ಕೊನೆಯ ವಾಕ್ಯ: ಹಣ ತಿರುಗಿಸಬೇಕು. ಬಹಳ ಜನ ಎರಡನೆಯ ವಾಕ್ಯವನ್ನು ಹಿಡಿಯುತ್ತಾರೆ, ಏಕೆಂದರೆ ಕಿವಿಗೆ ಚುಚ್ಚುವುದು ಅದೇ. ಗಟ್ಟಿಯಾಗಿ ಕೇಳಿಸುವ ವಾಕ್ಯವೇ ತೀರ್ಮಾನ ಎಂದುಕೊಳ್ಳಬೇಡಿ.

ಪ್ರಶ್ನೆಯ ರೂಪದಲ್ಲಿ ಬಂದ ಹೇಳಿಕೆಗಳ ಬಗ್ಗೆ ಎಚ್ಚರ. "ಇನ್ನೇನು ಸಾಕ್ಷಿ ಬೇಕು?", "ಹೀಗಾದರೆ ಯಾರು ಪತ್ರಿಕೆ ನಂಬುತ್ತಾರೆ?" ಇವು ಪ್ರಶ್ನೆಗಳಲ್ಲ. ಹಾಳೆಯ ಮೇಲೆ ಅವನ್ನು ನೇರ ಹೇಳಿಕೆಗಳಾಗಿ ಬರೆಯಿರಿ: "ಕ್ಲಿಕ್‌ಗಳ ಈ ವ್ಯತ್ಯಾಸವೇ ಸಾಕಷ್ಟು ಸಾಕ್ಷಿ", "ಯಾರೂ ನಂಬುವುದಿಲ್ಲ". ಬರೆದ ಕೂಡಲೇ ಆ ಮಾತು ಎಷ್ಟು ದೊಡ್ಡದು ಎಂದು ಕಾಣುತ್ತದೆ.

## ಹಂತ 2: ಆಧಾರವನ್ನು ಒಣಗಿಸಿ ಬರೆಯಿರಿ

ಈಗ ಆಧಾರ. ವಿಶೇಷಣ, ವ್ಯಂಗ್ಯ, ಉದ್ಗಾರ ಎಲ್ಲವನ್ನೂ ತೆಗೆದು, ನಿಜವಾಗಿ ಎಣಿಸಿದ್ದು ಅಥವಾ ಕಂಡದ್ದು ಏನೋ ಅಷ್ಟನ್ನೇ ಬರೆಯಿರಿ. ಇಲ್ಲಿ ಉಳಿಯುವುದು ಇಷ್ಟು: ಒಂದು ತಾಣ, ಮೂರು ತಿಂಗಳು, ಎರಡು ಬಗೆಯ ಬರಹ, ಒಟ್ಟು ಕ್ಲಿಕ್‌ಗಳಲ್ಲಿ ಹತ್ತು ಪಟ್ಟು ಅಂತರ.

ಹಾಗಾದರೆ ಮಧ್ಯದ ವಾಕ್ಯ ಏನಾಯಿತು? ಅದು ಮೊದಲ ವಾಕ್ಯಕ್ಕೆ ತೀರ್ಮಾನ, ಮೂರನೆಯದಕ್ಕೆ ಆಧಾರ. ಅಂದರೆ ಇಲ್ಲಿ ಎರಡು ಜಿಗಿತಗಳಿವೆ: ಕ್ಲಿಕ್‌ನಿಂದ "ಬೇಡವಾಗಿದೆ" ಎಂಬಲ್ಲಿಗೆ ಒಂದು, ಅಲ್ಲಿಂದ "ಹಣ ತಿರುಗಿಸಬೇಕು" ಎಂಬಲ್ಲಿಗೆ ಇನ್ನೊಂದು. ಪ್ರತಿ ಜಿಗಿತಕ್ಕೂ ಅದರದೇ ಗೃಹೀತಗಳಿರುತ್ತವೆ. ಎರಡನ್ನೂ ಕಲಸಿ ಒಂದೇ ಗೃಹೀತ ಬರೆಯಲು ಹೋದರೆ ಸಿಗುವುದು "ಕ್ಲಿಕ್ ಬಂದದ್ದಕ್ಕೆ ಹಣ ಕೊಡಬೇಕು" ಎಂಬಂಥ ಮಂಜು ಮಂಜಾದ ಮಾತು. ಅದನ್ನು ಇಟ್ಟುಕೊಂಡು ಮುಂದೆ ಏನನ್ನೂ ಪರೀಕ್ಷಿಸಲಾಗದು.

## ಹಂತ 3: ಪದಕ್ಕೆ ಪದ ಹೊಂದಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳಿ. ಗೃಹೀತ ಅಡಗುವುದು ಆಧಾರದ ಪದ ಒಂದಾಗಿದ್ದು, ತೀರ್ಮಾನದ ಪದ ಇನ್ನೊಂದಾದ ಜಾಗದಲ್ಲಿ. ಮೊದಲ ಬಣ್ಣದಿಂದ ಆಧಾರದ ಮುಖ್ಯ ಪದಗಳಿಗೆ ಗೆರೆ ಹಾಕಿ. ಎರಡನೆಯ ಬಣ್ಣದಿಂದ ತೀರ್ಮಾನದಲ್ಲಿ ಹೊಸದಾಗಿ ಕಾಣಿಸಿಕೊಂಡ ಪದಗಳಿಗೆ ಹಾಕಿ. ನಂತರ ಜೋಡಿ ಮಾಡಿ.

ಮೊದಲ ಜಿಗಿತವನ್ನು ನೋಡಿ. ಆಧಾರದಲ್ಲಿ "ಕ್ಲಿಕ್" ಇತ್ತು, ತೀರ್ಮಾನದಲ್ಲಿ "ಓದುಗರು" ಬಂದರು. ಕ್ಲಿಕ್ ಮಾಡಿದವರೆಲ್ಲ ಓದಿದರೇ? ಆಧಾರದಲ್ಲಿ "ಕಡಿಮೆ" ಇತ್ತು, ತೀರ್ಮಾನದಲ್ಲಿ "ಬೇಡ" ಆಯಿತು. ಕಡಿಮೆ ಜನ ಮುಟ್ಟಿದ್ದು ಯಾರಿಗೂ ಬೇಡವಾದದ್ದೇ? "ತನಿಖಾ ವರದಿ" ಎಂಬುದು "ಗಂಭೀರ ಪತ್ರಿಕೋದ್ಯಮ" ಎಂದು ಹಿಗ್ಗಿತು. ವಿಶ್ಲೇಷಣೆ, ನ್ಯಾಯಾಲಯದ ವರದಿ, ವಿಜ್ಞಾನ ಬರಹ ಎಲ್ಲವೂ ಅದರೊಳಗೆ ಬಂದುಬಿಟ್ಟವು. "ನಮ್ಮ ತಾಣ", "ಮೂರು ತಿಂಗಳು" ಎಂಬ ಎರಡು ಮಿತಿಗಳು ಸದ್ದಿಲ್ಲದೆ ಬಿದ್ದುಹೋದವು. ಒಂದೇ ಜಿಗಿತದಲ್ಲಿ ಐದು ಕಡೆ ಪದ ಜಾರಿದೆ. ಪ್ರತಿಯೊಂದೂ ಒಂದೊಂದು ಗೃಹೀತ ಇರಬಹುದಾದ ಜಾಗ.

ಪತ್ರಿಕೋದ್ಯಮದ ಚರ್ಚೆಗಳಲ್ಲಿ ಪದೇ ಪದೇ ಜಾರುವ ಜೋಡಿಗಳು ಕೆಲವಿವೆ. "ಪ್ರತಿ" ಎಂಬುದು "ಓದುಗ" ಆಗುತ್ತದೆ. "ಓದುಗರು" ಎಂಬುದು "ಜನ" ಆಗುತ್ತದೆ, "ಜನ" ಎಂಬುದು "ಸಮಾಜ" ಆಗುತ್ತದೆ. "ಓದಿದರು" ಎಂಬುದು "ನಂಬಿದರು" ಆಗುತ್ತದೆ. "ವರದಿಯಲ್ಲಿ ತಪ್ಪಿದೆ" ಎಂಬುದು "ವರದಿ ಸುಳ್ಳು ಹೇಳಿದೆ" ಆಗುತ್ತದೆ. ತಪ್ಪಿಗೂ ಸುಳ್ಳಿಗೂ ನಡುವೆ ಉದ್ದೇಶ ಎಂಬ ದೊಡ್ಡ ಗೃಹೀತ ಕೂತಿದೆ. "ಜಾಹೀರಾತು ಪಡೆದಿದೆ" ಎಂಬುದು "ಜಾಹೀರಾತುದಾರರು ಹೇಳಿದಂತೆ ಬರೆಯುತ್ತದೆ" ಆಗುತ್ತದೆ.

"ಹಂಚಿಕೊಂಡರು" ಎಂಬುದು "ಓದಿದರು" ಆಗುವುದಂತೂ ದಿನನಿತ್ಯದ ಮಾತು. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ವಿಟರ್‌ನಲ್ಲಿ ಹಂಚಿಕೆಯಾದ ಸುದ್ದಿ ಲಿಂಕ್‌ಗಳಲ್ಲಿ ಶೇ 59ರಷ್ಟನ್ನು ಯಾರೂ ಒಮ್ಮೆಯೂ ಕ್ಲಿಕ್ ಮಾಡಿರಲಿಲ್ಲ. ಆದ್ದರಿಂದ "ಈ ಲೇಖನ ಸಾವಿರಾರು ಕಡೆ ಹಂಚಿಕೆಯಾಗಿದೆ, ಜನರ ಅಭಿಪ್ರಾಯ ಬದಲಾಗಿರಲೇಬೇಕು" ಎಂಬ ವಾದ ಸಿಕ್ಕರೆ ಅದರಲ್ಲಿ ಎರಡು ಕೊಂಡಿಗಳು ಕಾಣೆಯಾಗಿವೆ: ಹಂಚಿದ್ದರಿಂದ ಓದಿದ್ದಕ್ಕೆ, ಓದಿದ್ದರಿಂದ ಅಭಿಪ್ರಾಯ ಬದಲಾದದ್ದಕ್ಕೆ.

ಚಿಕ್ಕ ಪ್ರತ್ಯಯಗಳನ್ನೂ ಬಿಡಬೇಡಿ. "ಜನ ಇಂಥದ್ದನ್ನು ಓದುತ್ತಾರೆ" ಎಂಬುದಕ್ಕೂ "ಜನ ಓದುವುದೇ ಇಂಥದ್ದನ್ನು" ಎಂಬುದಕ್ಕೂ ಇರುವ ಅಂತರ ಒಂದು ಏಕಾರದ್ದು, ಆದರೆ ಎರಡನೆಯದು ಬೇರೆ ಏನನ್ನೂ ಓದುವುದಿಲ್ಲ ಎಂಬ ಹೆಚ್ಚುವರಿ ಹೇಳಿಕೆಯನ್ನು ಹೊತ್ತಿದೆ.

## ಹಂತ 4: ಬಿಟ್ಟುಹೋದ ವಾಕ್ಯವನ್ನು ಸರಿಯಾದ ಅಳತೆಯಲ್ಲಿ ಬರೆಯಿರಿ

ಜಾರಿದ ಪದಗಳ ಒಂದೊಂದು ಜೋಡಿಗೂ ಒಂದು ಸೇತುವೆ ವಾಕ್ಯ ಬರೆಯಿರಿ. ಆ ವಾಕ್ಯದಲ್ಲಿ ಆಧಾರದ ಪದವೂ ಇರಬೇಕು, ತೀರ್ಮಾನದ ಪದವೂ ಇರಬೇಕು. ಒಂದೇ ದಡ ಮುಟ್ಟಿದರೆ ಅದು ಸೇತುವೆಯಾಗದು. "ಕ್ಲಿಕ್‌ಗಳು ನಂಬಿಕೆಗೆ ಅರ್ಹವಲ್ಲ" ಎಂಬುದು ಟೀಕೆ; "ಎರಡು ಬಗೆಯ ಬರಹಗಳಿಗೆ ಬಂದ ಕ್ಲಿಕ್‌ಗಳ ಅಂತರ, ಓದುಗರಿಗೆ ಅವು ಎಷ್ಟು ಬೇಕು ಎಂಬುದನ್ನು ಸುಮಾರಾಗಿಯಾದರೂ ತೋರಿಸುತ್ತದೆ" ಎಂಬುದು ಗೃಹೀತ.

ಆ "ಸುಮಾರಾಗಿಯಾದರೂ" ಎಂಬ ಮಾತು ಮುಖ್ಯ. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಗೃಹೀತವನ್ನು ಅಗತ್ಯಕ್ಕಿಂತ ಬಲವಾಗಿ ಬರೆಯುವುದು: "ಓದುಗರ ಆಸಕ್ತಿಗೆ ಕ್ಲಿಕ್ ಒಂದೇ ಅಳತೆ" ಎಂದು ಬರೆದರೆ ಹೊಡೆದುಹಾಕಲು ಸುಲಭ. ಆದರೆ ವ್ಯವಸ್ಥಾಪಕರ ವಾದಕ್ಕೆ ಅಷ್ಟು ಬೇಕಿರಲಿಲ್ಲ. ಅವರು "ಒಂದೇ ಅಳತೆ ಎಂದು ನಾನೆಲ್ಲಿ ಹೇಳಿದೆ?" ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿಲ್ಲ, ನಿಜವಾದ ಗೃಹೀತ ಹಾಗೇ ಪಾರಾಗುತ್ತದೆ. ಹಾಗಾಗಿ "ಎಲ್ಲ", "ಮಾತ್ರ", "ಯಾವತ್ತೂ", "ಖಂಡಿತ" ಎಂಬ ಪದಗಳು ನೀವು ಬರೆದ ವಾಕ್ಯದಲ್ಲಿ ಬಂದರೆ ಒಂದೊಂದನ್ನೂ ತೆಗೆದು ನೋಡಿ. ತೆಗೆದ ಮೇಲೂ ವಾದ ನಡೆಯುತ್ತದಾದರೆ ಆ ಪದ ನೀವು ಸೇರಿಸಿದ್ದು.

## ಹಂತ 5: ತಿರುಗಿಸಿ ನೋಡಿ

ಬರೆದ ಪ್ರತಿ ಗೃಹೀತವನ್ನೂ ಅಲ್ಲಗಳೆದು, ಅದರ ವಿರುದ್ಧವಾದದ್ದೇ ನಿಜ ಎಂದುಕೊಂಡು ವಾದವನ್ನು ಮತ್ತೆ ಓದಿ. ವಾದ ಕುಸಿದರೆ ನೀವು ಹಿಡಿದದ್ದು ಸರಿಯಾದ ಗೃಹೀತ. ಏನೂ ಆಗದಿದ್ದರೆ ಅದನ್ನು ಹಾಳೆಯಿಂದ ಹೊಡೆದುಹಾಕಿ, ಎಷ್ಟೇ ಚೆನ್ನಾಗಿ ಕಂಡರೂ.

ಮಾಡಿ ನೋಡೋಣ. ಒಟ್ಟು ಕ್ಲಿಕ್‌ಗಳನ್ನು ಹೋಲಿಸಿದ ವಾದಕ್ಕೆ ಇದೊಂದು ಗೃಹೀತ ಬೇಕು: "ಎರಡೂ ಬಗೆಯ ಬರಹಗಳ ಸಂಖ್ಯೆಯಲ್ಲಿ ಭಾರಿ ಅಂತರ ಇರಲಿಲ್ಲ." ತಿರುಗಿಸಿ: ಭಾರಿ ಅಂತರ ಇತ್ತು. ತಾರೆಯರ ಸುದ್ದಿ 300 ಬಂದಿವೆ, ತನಿಖಾ ವರದಿ 6 ಬಂದಿವೆ ಎಂದುಕೊಳ್ಳಿ. ಮೊದಲನೆಯದಕ್ಕೆ ಒಟ್ಟು 3,00,000 ಕ್ಲಿಕ್, ಎರಡನೆಯದಕ್ಕೆ 30,000. ಹತ್ತು ಪಟ್ಟು ಅಂತರ ಹಾಗೇ ಇದೆ. ಆದರೆ ಒಂದು ತಾರೆಯ ಸುದ್ದಿಗೆ ಸರಾಸರಿ 1,000 ಕ್ಲಿಕ್, ಒಂದು ತನಿಖಾ ವರದಿಗೆ 5,000. ಅದೇ ಆಧಾರದಿಂದ ತೀರ್ಮಾನ ತಲೆಕೆಳಗಾಯಿತು. ಕೇಳಬೇಕಾದ ಪ್ರಶ್ನೆ ಈಗ ನಿಮ್ಮ ಕೈಯಲ್ಲಿದೆ: "ಎಷ್ಟು ಬರಹಗಳಿಗೆ ಇಷ್ಟು ಕ್ಲಿಕ್?" ಸಭೆಯಲ್ಲಿ ಈ ಒಂದು ಪ್ರಶ್ನೆ ಹತ್ತು ನಿಮಿಷದ ಆಕ್ರೋಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಇನ್ನೊಂದು: "ತನಿಖಾ ವರದಿಗಾರರು ಸರಿಯಾಗಿ ಕೆಲಸ ಮಾಡುತ್ತಿಲ್ಲ." ತಿರುಗಿಸಿ: ಅವರು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ವ್ಯವಸ್ಥಾಪಕರ ವಾದಕ್ಕೆ ಏನೂ ಆಗಲಿಲ್ಲ; ಒಳ್ಳೆಯ ವರದಿಯೂ ಓದುಗರಿಗೆ ಬೇಡವಾಗಿರಬಹುದು. ಹೊಡೆದುಹಾಕಿ.

ತಿರುಗಿಸುವಾಗ ಒಂದು ಎಚ್ಚರ. "ಎಲ್ಲರೂ" ಎಂಬುದರ ಅಲ್ಲಗಳೆತ "ಯಾರೂ ಇಲ್ಲ" ಎಂದಲ್ಲ, "ಎಲ್ಲರೂ ಅಲ್ಲ" ಎಂದು. "ಚಂದಾದಾರರೆಲ್ಲ ಸಂಪಾದಕೀಯ ಓದುತ್ತಾರೆ" ಎಂಬುದನ್ನು ತಿರುಗಿಸಿದರೆ "ಕೆಲವು ಚಂದಾದಾರರು ಓದುವುದಿಲ್ಲ" ಎಂದಾಗುತ್ತದೆ. "ಯಾರೂ ಓದುವುದಿಲ್ಲ" ಎಂದು ಬರೆದು ಪರೀಕ್ಷಿಸಿದರೆ ಯಾವ ವಾದವಾದರೂ ಕುಸಿದಂತೆ ಕಾಣುತ್ತದೆ, ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ.

## ಹಂತ 6: ಅಂಕಿ ಬಂದರೆ, ಎಣಿಸಿದ್ದು ಏನನ್ನು ಎಂದು ಕೇಳಿ

ಓದುಗರ ಕುರಿತ ವಾದಗಳಲ್ಲಿ ಅತಿ ಹೆಚ್ಚು ಗೃಹೀತಗಳು ಅಡಗುವುದು ಅಂಕಿಗಳ ಬೆನ್ನಿಗೆ. ಅಂಕಿ ಕಂಡ ಕೂಡಲೇ ಮೂರು ಪ್ರಶ್ನೆಗಳು: ಏನನ್ನು ಎಣಿಸಿದರು? ಯಾವುದರಿಂದ ಭಾಗಿಸಿದರು? ಯಾರನ್ನು ಎಣಿಕೆಯಿಂದ ಬಿಟ್ಟರು?

ಪ್ರಸಾರ ಸಂಖ್ಯೆ ಎಣಿಸುವುದು ಪ್ರತಿಗಳನ್ನು. ಓದುಗರ ಸಂಖ್ಯೆ ಬರುವುದು ಸಮೀಕ್ಷೆಯಿಂದ, ಒಂದು ಪ್ರತಿಯನ್ನು ಮನೆಯಲ್ಲೋ ಕಚೇರಿಯಲ್ಲೋ ಹಲವರು ಓದುತ್ತಾರೆ. ಹಾಗಾಗಿ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿರುವುದು ಸಹಜ. ಒಂದು ಪತ್ರಿಕೆಯ ಪ್ರಸಾರವನ್ನು ಇನ್ನೊಂದರ ಓದುಗರ ಸಂಖ್ಯೆಗೆ ಹೋಲಿಸಿದ ವಾದ ಅಲ್ಲೇ ಮುಗಿಯಿತು. ಜಾಲತಾಣದ ಪುಟವೀಕ್ಷಣೆ ಪುಟ ತೆರೆದುಕೊಂಡದ್ದನ್ನು ಎಣಿಸುತ್ತದೆ, ಒಬ್ಬರೇ ಹತ್ತು ಬಾರಿ ತೆರೆದರೆ ಹತ್ತು. "ಪ್ರತ್ಯೇಕ ಸಂದರ್ಶಕರು" ಎಂಬ ಅಂಕಿಯೂ ಮನುಷ್ಯರ ಎಣಿಕೆಯಲ್ಲ. ಅದು ಹೆಚ್ಚಾಗಿ ಬ್ರೌಸರ್‌ಗಳ, ಸಾಧನಗಳ ಎಣಿಕೆ. ಒಬ್ಬ ಓದುಗರು ಬೆಳಿಗ್ಗೆ ಫೋನಿನಲ್ಲಿ, ಮಧ್ಯಾಹ್ನ ಕಚೇರಿಯ ಕಂಪ್ಯೂಟರಿನಲ್ಲಿ ಅದೇ ತಾಣ ನೋಡಿದರೆ ಇಬ್ಬರಾಗಿಬಿಡಬಹುದು.

ಭಾಗಾಕಾರದ ಗೃಹೀತ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಫೇಸ್‌ಬುಕ್‌ನ ಪ್ರಕರಣ ಗಮನಿಸಿ. ಒಂದು ವಿಡಿಯೊವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡಿದರು ಎಂದು ಲೆಕ್ಕ ಹಾಕುವಾಗ, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತವರನ್ನು ಮಾತ್ರ ಭಾಜಕದಲ್ಲಿ ಇಟ್ಟುಕೊಳ್ಳಲಾಗಿತ್ತು. ಹಾಗೇ ದಾಟಿಹೋದವರು ಲೆಕ್ಕದಿಂದ ಹೊರಗೆ. ಇದರಿಂದ ಸರಾಸರಿ ಉಬ್ಬಿ ಕಾಣುತ್ತಿತ್ತು ಎಂದು ಕಂಪನಿ 2016ರಲ್ಲಿ ಒಪ್ಪಿಕೊಂಡಿತು. ಆ ವರ್ಷಗಳಲ್ಲೇ ಹಲವು ಸುದ್ದಿಸಂಸ್ಥೆಗಳು ಬರಹಗಾರರನ್ನು ಕಡಿಮೆ ಮಾಡಿ ವಿಡಿಯೊ ಕಡೆಗೆ ಹೊರಳಿದವು. "ಜನಕ್ಕೆ ಓದುವುದು ಬೇಡ, ನೋಡುವುದು ಬೇಕು" ಎಂದು ಆಗ ವಾದಿಸಿದವರು ಆ ಅಂಕಿಯಲ್ಲಿ "ಜನ" ಎಂದರೆ ಎಲ್ಲರೂ ಎಂದು ಗ್ರಹಿಸಿದ್ದರು. ಇದ್ದದ್ದು ನಿಂತು ನೋಡಿದವರು ಮಾತ್ರ.

ಓದುಗರ ಸಂಖ್ಯೆ ಮತ್ತು ಓದಿನ ಹೊತ್ತು ಬೇರೆ ಬೇರೆ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ದಿ ಇಂಡಿಪೆಂಡೆಂಟ್ ಸಾಕ್ಷಿ. 2016ರ ಮಾರ್ಚ್‌ನಲ್ಲಿ ಅದು ಮುದ್ರಣ ನಿಲ್ಲಿಸಿ ಪೂರ್ತಿಯಾಗಿ ಆನ್‌ಲೈನ್ ಆಯಿತು. ನೀಲ್ ಥರ್ಮನ್ ಮತ್ತು ರಿಚರ್ಡ್ ಫ್ಲೆಚರ್ ಎಂಬ ಸಂಶೋಧಕರು ನಂತರದ ಅವಧಿಯನ್ನು ಅಧ್ಯಯನ ಮಾಡಿದಾಗ, ಬ್ರಿಟನ್ನಿನ ಓದುಗರು ಆ ಪತ್ರಿಕೆಯೊಂದಿಗೆ ಕಳೆಯುತ್ತಿದ್ದ ಒಟ್ಟು ಹೊತ್ತು ಶೇ 81ರಷ್ಟು ಕುಸಿದಿತ್ತು. ಕಾಗದದ ಪ್ರತಿ ಹಿಡಿದವರು ಅದರ ಜೊತೆ ಬಹಳ ಹೊತ್ತು ಕೂರುತ್ತಿದ್ದರು. ಪರದೆಯ ಮೇಲೆ ಬಂದವರು ಬೇಗ ಹೋಗುತ್ತಿದ್ದರು. "ಮುದ್ರಣದ ಓದುಗರು ಒಟ್ಟು ಓದುಗರಲ್ಲಿ ಚಿಕ್ಕ ಪಾಲು, ಬಿಟ್ಟರೆ ನಷ್ಟವಿಲ್ಲ" ಎಂಬ ವಾದ ನಿಮ್ಮ ಮುಂದೆ ಬಂದರೆ, ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ಸಮ ಎಂಬ ಗೃಹೀತ ಅದರ ಒಳಗಿದೆ. ಅದನ್ನು ಹೊರಗೆಳೆದು ಬರೆಯಿರಿ.

## ಹಂತ 7: ಓದುಗರ ಮುಂದೆ ಇಟ್ಟವರು ಯಾರು?

ಇಲ್ಲಿಯವರೆಗೆ ಅಳತೆ. ಈಗ ಕಾರಣ. "ಓದುಗರು ಕೇಳಿದ್ದನ್ನೇ ಕೊಡುತ್ತಿದ್ದೇವೆ" ಎಂಬ ವಾದದಲ್ಲಿ ಓದುಗರ ಆಯ್ಕೆ ಮೊದಲು, ಸುದ್ದಿಮನೆಯ ನಿರ್ಧಾರ ನಂತರ ಎಂಬ ಕ್ರಮ ಅಡಗಿದೆ. ನಿಜದಲ್ಲಿ ಒಂದು ಬರಹ ಮುಖಪುಟದ ಮೇಲ್ಭಾಗದಲ್ಲಿತ್ತೇ, ಫೋನಿಗೆ ಸೂಚನೆಯಾಗಿ ಹೋಯಿತೇ, ಶೀರ್ಷಿಕೆಗೆ ಎಷ್ಟು ಶ್ರಮ ಹಾಕಿದರು, ಯಾವ ಹೊತ್ತಿಗೆ ಪ್ರಕಟಿಸಿದರು, ಇವೆಲ್ಲ ಸುದ್ದಿಮನೆಯೇ ಮಾಡಿದ ಆಯ್ಕೆಗಳು. ಮೇಲೆ ಇಟ್ಟದ್ದಕ್ಕೆ ಹೆಚ್ಚು ಕ್ಲಿಕ್ ಬಂದಿತು, ಹೆಚ್ಚು ಕ್ಲಿಕ್ ಬಂದದ್ದಕ್ಕೆ ಮತ್ತೆ ಮೇಲೆ ಇಟ್ಟರು. ಹೀಗೆ ಸುತ್ತಿಕೊಂಡಿರುವ ಕಡೆ "ಕೇಳಿದ್ದು ಓದುಗರು" ಎನ್ನಲು, ಎರಡೂ ಬರಹಗಳಿಗೆ ಸಮನಾದ ಅವಕಾಶ ಸಿಕ್ಕಿತ್ತು ಎಂಬ ಗೃಹೀತ ಬೇಕೇ ಬೇಕು.

ಕಾರಣ ಹೇಳುವ ಯಾವ ವಾದಕ್ಕೂ ಇನ್ನೊಂದು ಗೃಹೀತ ಇದ್ದೇ ಇರುತ್ತದೆ: ಬೇರೆ ಕಾರಣ ಇಲ್ಲ. "ಚಂದಾ ಕಡ್ಡಾಯ ಮಾಡಿದ ಮೇಲೆ ಓದುಗರು ಕಡಿಮೆಯಾದರು, ಜನ ಸುದ್ದಿಗೆ ಹಣ ಕೊಡುವುದಿಲ್ಲ" ಎಂದವರಿಗೆ, ಅದೇ ಅವಧಿಯಲ್ಲಿ ಚುನಾವಣೆಯಂಥ ದೊಡ್ಡ ಸುದ್ದಿ ಮುಗಿದಿರಲಿಲ್ಲವೇ, ಸರ್ಚ್ ಎಂಜಿನ್‌ಗಳಿಂದ ಬರುವವರು ಕಡಿಮೆಯಾಗಿರಲಿಲ್ಲವೇ ಎಂದು ಕೇಳಬೇಕು. ಬದಲಿ ಕಾರಣ ನಿಜವೆಂದು ನೀವು ಸಾಬೀತು ಮಾಡಬೇಕಿಲ್ಲ. ವಾದ ಅದನ್ನು ತಳ್ಳಿಹಾಕದೆಯೇ ಮುಂದೆ ಹೋಗಿದೆ ಎಂದು ತೋರಿಸಿದರೆ ಸಾಕು.

## ಹಂತ 8: "ಬೇಕು" ಎಂಬಲ್ಲಿ ನಿಲ್ಲಿ

ನಮ್ಮ ಉದಾಹರಣೆಯ ಎರಡನೆಯ ಜಿಗಿತಕ್ಕೆ ಬನ್ನಿ. "ಓದುಗರಿಗೆ ಬೇಡ" ಎಂಬುದು ಸ್ಥಿತಿಯ ಮಾತು. "ಹಣ ತಿರುಗಿಸಬೇಕು" ಎಂಬುದು ಕರ್ತವ್ಯದ ಮಾತು. ಸ್ಥಿತಿ ಎಷ್ಟೇ ಖಚಿತವಾಗಿದ್ದರೂ ಅದೊಂದರಿಂದಲೇ ಕರ್ತವ್ಯ ಹುಟ್ಟುವುದಿಲ್ಲ. ನಡುವೆ ಯಾವುದೋ ಮೌಲ್ಯ ಇರಲೇಬೇಕು. ಇಲ್ಲಿ ಅದು "ಪತ್ರಿಕೆ ತನ್ನ ಹಣವನ್ನು ಓದುಗರ ಬೇಡಿಕೆಯ ಅನುಪಾತದಲ್ಲಿ ಖರ್ಚು ಮಾಡಬೇಕು" ಎಂಬುದು.

ಇದನ್ನು ಬರೆದಾಗಲೇ ಚರ್ಚೆ ನಿಜವಾಗಿ ಎಲ್ಲಿದೆ ಎಂದು ಕಾಣುವುದು. ನಗರಸಭೆಯ ಟೆಂಡರ್ ಅಕ್ರಮದ ವರದಿಯನ್ನು ಕೆಲವೇ ಸಾವಿರ ಜನ ಓದಿರಬಹುದು, ಆದರೆ ಟೆಂಡರ್ ರದ್ದಾದರೆ ಲಾಭ ಓದದವರಿಗೂ ಸೇರಿ ಇಡೀ ಊರಿಗೆ. ಕ್ಲಿಕ್ ಅಳೆಯುವುದು ಓದಿದವರನ್ನು. ತನಿಖಾ ವರದಿಯ ಫಲ ಬಹುಪಾಲು ಅದನ್ನು ಓದದವರಿಗೆ ಹೋಗುತ್ತದೆ. ಈ ಮೌಲ್ಯದ ಗೃಹೀತವನ್ನು ಮುಟ್ಟದೆ ಬರೀ ಕ್ಲಿಕ್ ಎಣಿಕೆಯ ಬಗ್ಗೆ ವಾದಿಸಿದವರು ಗೆದ್ದರೂ ಅರ್ಧ ಗೆದ್ದ ಹಾಗೆ. ನಾಳೆ ನಿಖರವಾದ ಅಳತೆ ಬಂದು, ಜನರಿಗೆ ನಿಜಕ್ಕೂ ತನಿಖಾ ವರದಿ ಬೇಡ ಎಂದು ಅದು ತೋರಿಸಿದರೆ ನಿಮ್ಮ ಬಳಿ ಏನು ಉಳಿಯುತ್ತದೆ? ಪತ್ರಿಕೋದ್ಯಮದ ಬಗ್ಗೆ ಕಾಳಜಿ ಇರುವವರು ಸಮಯ ಹಾಕಬೇಕಾದ್ದು ಈ ಹಂತದ ಮೇಲೆ.

ಮೌಲ್ಯದ ಗೃಹೀತ ಸಿಕ್ಕ ಕೂಡಲೇ ತಪ್ಪು ಎಂದು ಗೀಚಬೇಡಿ. ಪತ್ರಿಕೆ ಉಳಿಯದಿದ್ದರೆ ತನಿಖೆಯೂ ಇಲ್ಲ ಎಂದು ವ್ಯವಸ್ಥಾಪಕರು ಹೇಳಬಹುದು, ಅದರಲ್ಲಿ ತೂಕವಿದೆ. ಗೃಹೀತವನ್ನು ಬೆಳಕಿಗೆ ತರುವುದು ಒಂದು ಕೆಲಸ, ಅದು ಸರಿಯೋ ತಪ್ಪೋ ಎಂದು ತೂಗುವುದು ಬೇರೆ ಕೆಲಸ.

## ಹಂತ 9: "ಜನ" ಎಂದವರು ತಮ್ಮನ್ನು ಸೇರಿಸಿಕೊಂಡಿದ್ದಾರೆಯೇ?

"ಇಂಥ ಶೀರ್ಷಿಕೆಗಳಿಂದ ಜನ ದಾರಿ ತಪ್ಪುತ್ತಾರೆ." ಹೀಗೆ ಹೇಳುವವರು ತಾವು ದಾರಿ ತಪ್ಪಿಲ್ಲ ಎಂದು ಗ್ರಹಿಸಿರುತ್ತಾರೆ. ಮಾಧ್ಯಮದ ಪ್ರಭಾವ ತಮಗಿಂತ ಬೇರೆಯವರ ಮೇಲೆ ಹೆಚ್ಚು ಎಂದು ಮನುಷ್ಯರು ಭಾವಿಸುವ ಈ ಒಲವನ್ನು ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಫಿಲಿಪ್ಸ್ ಡೇವಿಸನ್ 1983ರಲ್ಲಿ "ತೃತೀಯ ವ್ಯಕ್ತಿ ಪರಿಣಾಮ" ಎಂದು ಕರೆದರು. ಪರೀಕ್ಷೆ ಸರಳ: ವಾದದಲ್ಲಿ "ಜನ", "ಓದುಗರು", "ಸಾಮಾನ್ಯರು" ಎಂದಿರುವ ಕಡೆಯಲ್ಲೆಲ್ಲ "ನಾವು" ಎಂದು ಹಾಕಿ ಓದಿ. "ಇಂಥ ಶೀರ್ಷಿಕೆಗಳಿಂದ ನಾವು ದಾರಿ ತಪ್ಪುತ್ತೇವೆ" ಎಂದು ಒಪ್ಪಲು ವಾದಿಸಿದವರು ಸಿದ್ಧರಿಲ್ಲದಿದ್ದರೆ, ತಮಗೂ ಉಳಿದವರಿಗೂ ಇರುವ ವ್ಯತ್ಯಾಸ ಏನು ಎಂಬುದು ಅವರು ಹೇಳದೆ ಬಿಟ್ಟ ಮಾತು.

ಇದೇ ಪರೀಕ್ಷೆಯನ್ನು ನಿಮ್ಮ ನೆಚ್ಚಿನ ಅಭಿಪ್ರಾಯದ ಮೇಲೂ ಒಮ್ಮೆ ನಡೆಸಿ. ಒಪ್ಪದ ವಾದದಲ್ಲಿ ಗೃಹೀತ ಬೇಗ ಕಾಣುತ್ತದೆ, ಒಪ್ಪಿದ ವಾದದಲ್ಲಿ ಅದು ಬರೀ ಸತ್ಯವಾಗಿ ಕಾಣುತ್ತದೆ.

## ದಾರಿ ತಪ್ಪುತ್ತಿದ್ದೀರಿ ಎನ್ನಲು ಗುರುತುಗಳು

ಹಾಳೆಯಲ್ಲಿ ಹದಿನೈದು ಇಪ್ಪತ್ತು ಗೃಹೀತಗಳು ಸೇರಿದ್ದರೆ ಐದನೆಯ ಹಂತವನ್ನು ನೀವು ಸರಿಯಾಗಿ ಮಾಡಿಲ್ಲ. "ಜಗತ್ತಿನಲ್ಲಿ ಓದುಗರು ಇದ್ದಾರೆ" ಎಂಬುದೂ ತಾಂತ್ರಿಕವಾಗಿ ಗೃಹೀತವೇ, ಆದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಅಲ್ಲಗಳೆದಾಗ ವಾದ ಕುಸಿಯಬೇಕು, ಜೊತೆಗೆ ಆ ಅಲ್ಲಗಳೆತ ನಿಜವಾಗಿರುವ ಸಾಧ್ಯತೆಯೂ ಇರಬೇಕು. ಎರಡೂ ಇರುವ ಎರಡು ಮೂರನ್ನು ಮಾತ್ರ ಇಟ್ಟುಕೊಳ್ಳಿ.

ನಿಮ್ಮ ಗೃಹೀತ ವಾಕ್ಯದಲ್ಲಿ ಮಾತಾಡಿದವರ ಹೆಸರೋ ಅವರ ಸ್ವಭಾವವೋ ಬಂದಿದ್ದರೆ ನೀವು ವಾದ ಬಿಟ್ಟು ವ್ಯಕ್ತಿಯ ಕಡೆ ಹೋಗಿದ್ದೀರಿ. ವಾಕ್ಯ ಈಗಾಗಲೇ ಪಠ್ಯದಲ್ಲಿ ಬೇರೆ ಮಾತಿನಲ್ಲಿ ಇದ್ದರೆ ಅದು ಆಧಾರ, ಗೃಹೀತವಲ್ಲ. ಬರೆದ ವಾಕ್ಯವನ್ನು ವಾದಿಸಿದವರಿಗೆ ತೋರಿಸಿದಾಗ "ಹೌದು, ನನ್ನ ವಾದ ನಿಲ್ಲಲು ಇದು ನಿಜವಾಗಿರಲೇಬೇಕು" ಎಂದು ಅವರು ಒಪ್ಪುವಂತಿರಬೇಕು. "ನನ್ನ ಮಾತನ್ನು ತಿರುಚಿದಿರಿ" ಎನ್ನುವ ಹಾಗಿದ್ದರೆ ನಾಲ್ಕನೆಯ ಹಂತಕ್ಕೆ ಹಿಂತಿರುಗಿ.

## ಸ್ವಂತಕ್ಕೆ ಮಾಡಿ ನೋಡಲು ಒಂದು ವಾದ

"ಎರಡೂ ಪಕ್ಷದವರು ನಮ್ಮ ಪತ್ರಿಕೆಯನ್ನು ಬೈಯುತ್ತಿದ್ದಾರೆ. ಅಂದರೆ ನಾವು ನಿಷ್ಪಕ್ಷಪಾತವಾಗಿದ್ದೇವೆ." ಸಂಪಾದಕರ ಬಾಯಲ್ಲಿ ಬಹಳ ಕೇಳಿಬರುವ ಮಾತಿದು. ಮುಂದೆ ಓದುವ ಮುನ್ನ ಹಾಳೆಯ ಮೇಲೆ ಮೂರು, ನಾಲ್ಕು, ಐದನೆಯ ಹಂತಗಳನ್ನು ಮಾಡಿ.

ಜಾರಿದ ಜೋಡಿ "ಬೈಗುಳ" ಮತ್ತು "ನಿಷ್ಪಕ್ಷಪಾತ". ಸೇತುವೆ ವಾಕ್ಯ: "ಒಂದು ಕಡೆಗೆ ವಾಲಿದ ವರದಿಗಾರಿಕೆಯನ್ನು ಎರಡೂ ಕಡೆಯವರು ಬೈಯುವುದಿಲ್ಲ." ತಿರುಗಿಸಿ: ವಾಲಿದ ವರದಿಗಾರಿಕೆಯನ್ನೂ ಎರಡೂ ಕಡೆಯವರು ಬೈಯಬಹುದು. ಒಬ್ಬರು ಅದು ವಾಲಿದ್ದಕ್ಕೆ, ಇನ್ನೊಬ್ಬರು ಸಾಕಷ್ಟು ವಾಲಿಲ್ಲ ಎಂಬುದಕ್ಕೆ. ವಾದ ಕುಸಿಯಿತು.

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ವ್ಯಾಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪರ್ 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ಸುದ್ದಿಯ ತುಣುಕುಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದರು. 1985ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದೇ ತುಣುಕುಗಳನ್ನು ನೋಡಿದ ಎರಡೂ ಗುಂಪಿನವರು ಅವು ತಮ್ಮ ಕಡೆಗೆ ವಿರುದ್ಧವಾಗಿವೆ ಎಂದರು. ಬೈಗುಳ ಎಲ್ಲಿಂದ ಬಂತು ಎಂದು ನೋಡಿ ವರದಿ ಎಲ್ಲಿ ನಿಂತಿದೆ ಎಂದು ಹೇಳಲಾಗದು ಎಂಬುದಕ್ಕೆ ಇದು ಒಳ್ಳೆಯ ಕಾರಣ.

ಆದರೆ ಇಲ್ಲಿಂದ "ಹಾಗಾದರೆ ಆ ಪತ್ರಿಕೆ ಪಕ್ಷಪಾತಿ" ಎಂದು ಬರೆಯಬೇಡಿ. ಗೃಹೀತ ಬಿದ್ದಾಗ ಬೀಳುವುದು ಆ ವಾದ ಮಾತ್ರ, ತೀರ್ಮಾನ ಬೇರೆ ಆಧಾರದ ಮೇಲೆ ನಿಜವಾಗಿಯೇ ಇರಬಹುದು. ಪತ್ರಿಕೆ ನಿಷ್ಪಕ್ಷಪಾತವೇ ಎಂದು ತಿಳಿಯಬೇಕಿದ್ದರೆ ಬೈಗುಳದ ಪತ್ರಗಳನ್ನು ಬದಿಗಿಟ್ಟು, ಆರು ತಿಂಗಳ ವರದಿಗಳನ್ನು ತೆರೆದು, ಯಾರ ಮಾತಿಗೆ ಎಷ್ಟು ಜಾಗ ಸಿಕ್ಕಿದೆ, ಯಾರ ತಪ್ಪುಗಳಿಗೆ ತಿದ್ದುಪಡಿ ಬಂದಿದೆ, ಯಾವ ಸುದ್ದಿ ಒಳಪುಟಕ್ಕೆ ಹೋಗಿದೆ ಎಂದು ಎಣಿಸಲು ಕೂರಬೇಕು.